ರೈಲು ಬಾರದ ಊರಿನ ವಸ್ತುಸಂಗ್ರಹಾಲಯ

ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ದಂಡೆಯ ಮೇಲೆ ಓರ್ಸೆ ಎಂಬ ರೈಲು ನಿಲ್ದಾಣವೊಂದಿತ್ತು. 1900ರಲ್ಲಿ ಬಲು ಸಡಗರದಿಂದ ತೆರೆದ ಆ ನಿಲ್ದಾಣದ ಪ್ಲಾಟ್‌ಫಾರಂಗಳು ನಲವತ್ತು ವರ್ಷ ತುಂಬುವುದರೊಳಗೇ ಉದ್ದನೆಯ ಹೊಸ ರೈಲುಗಳಿಗೆ ಸಾಲದಾದವು. ರೈಲು ಬೇರೆ ಕಡೆಗೆ ಹೋಯಿತು, ಕಟ್ಟಡ ಉಳಿಯಿತು. 1986ರಲ್ಲಿ ಅದು ಚಿತ್ರಕಲೆಯ ದೊಡ್ಡ ವಸ್ತುಸಂಗ್ರಹಾಲಯವಾಗಿ ಮತ್ತೆ ಬಾಗಿಲು ತೆರೆಯಿತು. ಹೀಗೆ ಹಳೆಯ ನಿಲ್ದಾಣವನ್ನು ಹಳೆಯ ವಸ್ತುಗಳ ಮನೆಯಾಗಿ ಮಾಡುವ ಪದ್ಧತಿ ಈಗ ಲೋಕದ ಎಷ್ಟೋ ಊರುಗಳಲ್ಲಿ ಉಂಟು. ನಮ್ಮ ಮೈಸೂರಿನಲ್ಲಿಯೂ ರೈಲಿನ ವಸ್ತುಗಳಿಗೆಂದೇ 1979ರಿಂದ ಒಂದು ಸಂಗ್ರಹಾಲಯವಿದೆ.

ಆದರೆ ಮೈಸೂರಿನಿಂದ ಪಶ್ಚಿಮಕ್ಕೆ ಹೊರಟು ಘಟ್ಟ ಹತ್ತಿದವನಿಗೆ ಇಂಥ ಭಾಗ್ಯವಿಲ್ಲ. ನಿಲ್ದಾಣವಿದ್ದರೆ ತಾನೇ ಅದನ್ನು ಸಂಗ್ರಹಾಲಯ ಮಾಡುವುದು? ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ಬಂದ ರೈಲು ಅಲ್ಲಿಂದ ಮುಂದೆ ಕೊಡಗಿನ ಕಡೆಗೆ ಇಂದಿಗೂ ಬಂದಿಲ್ಲ. ಮೈಸೂರಿನಿಂದ ತಲಚೇರಿಗೆ ಕೊಡಗನ್ನು ಹಾದು ಹಳಿ ಹಾಕುವ ಮಾತು ತಲೆಮಾರುಗಳಿಂದ ಕೇಳಿಬರುತ್ತಿದೆ. ಕಾಡು, ಆನೆ, ಕಾವೇರಿಯ ಜಲಮೂಲ ಇವುಗಳ ಹೆಸರಿನಲ್ಲಿ ಕೊಡಗಿನವರೇ ಅದನ್ನು ವಿರೋಧಿಸಿಯೂ ಇದ್ದಾರೆ. ಮೈಸೂರಿನ ಪಕ್ಕದ ಬೆಳಗೊಳದಿಂದ ಕುಶಾಲನಗರದವರೆಗೆ ಒಂದು ಮಾರ್ಗಕ್ಕೆ ಒಪ್ಪಿಗೆಯಾಯಿತೆಂದು 2019ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ಕುಶಾಲನಗರವೆಂದರೆ ಕೊಡಗಿನ ಹೊಸ್ತಿಲು ಅಷ್ಟೆ, ನಡುಮನೆಯಲ್ಲ.

ಬೇರೆ ಊರುಗಳಲ್ಲಿ ಇಂಗ್ಲಿಷರು ಬಿಟ್ಟುಹೋದ ಕಟ್ಟಡ ಯಾವುದೆಂದು ಕೇಳಿದರೆ ಜನ ರೈಲು ನಿಲ್ದಾಣದ ಕಡೆಗೆ ಕೈ ತೋರಿಸುತ್ತಾರೆ. ಮಡಿಕೇರಿಯಲ್ಲಿ ತೋರಿಸುವುದು ಕೋಟೆಯೊಳಗಿನ ಚರ್ಚನ್ನು. ಅದೇ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಒಳಗೆ ಏನಿದೆ ಎಂದು ಕೇಳುವವರು ಬಹಳ. ಅದು ನಿಂತಿರುವ ನೆಲದ ಮೇಲೆ ಏನೇನು ಆಗಿಹೋಯಿತು ಎಂದು ಕೇಳುವವರು ಕಡಮೆ. ನನಗಂತೂ ಒಳಗಿರುವ ಎಲ್ಲ ವಸ್ತುಗಳಿಗಿಂತ ಆ ಕಟ್ಟಡವೇ ದೊಡ್ಡ ಪ್ರದರ್ಶನವಸ್ತುವಾಗಿ ಕಾಣುತ್ತದೆ.

ಹಾಲೇರಿ ವಂಶದ ಮುದ್ದುರಾಜ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಈ ಗುಡ್ಡಕ್ಕೆ ತಂದದ್ದು 1681ರಲ್ಲಿ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆಂದು ಹೇಳುವುದು ವಾಡಿಕೆ. ಅವನ ಕೋಟೆ ಮಣ್ಣಿನದು. ಕೊಡಗಿನ ಮಳೆಯಲ್ಲಿ ಮಣ್ಣಿನ ಗೋಡೆಯ ಆಯುಸ್ಸು ಎಷ್ಟೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ; ಜಾಫರಾಬಾದ್ ಎಂದು ಹೊಸ ಹೆಸರನ್ನೂ ಇಟ್ಟ. ಕಲ್ಲು ಉಳಿಯಿತು, ಹೆಸರು ಉಳಿಯಲಿಲ್ಲ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1790ರಲ್ಲಿ ಕುಂಪಣಿಯ ಇಂಗ್ಲಿಷರೊಡನೆ ಒಡಂಬಡಿಕೆ ಮಾಡಿಕೊಂಡು ಕೋಟೆಯನ್ನು ಮರಳಿ ಪಡೆದ. ಶತ್ರು ಕಟ್ಟಿಸಿದ ಗೋಡೆ ಅರಸನಿಗೆ ಪುಕ್ಕಟೆ ಒದಗಿತು.

ಈ ದೊಡ್ಡವೀರರಾಜೇಂದ್ರನ ವಿಷಯದಲ್ಲಿ ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಅದು ಬೇಕಾಗುತ್ತದೆ. ಬೊಂಬಾಯಿಯ ಸೈನ್ಯವನ್ನು ಶ್ರೀರಂಗಪಟ್ಟಣದತ್ತ ನಡೆಸಿಕೊಂಡು ಹೋಗುತ್ತಿದ್ದ ಜನರಲ್ ಅಬರ್‌ಕ್ರೋಂಬಿಯನ್ನು ಈ ಅರಸ ಭೇಟಿಯಾದ ನೆನಪಿಗೆ ಹುಟ್ಟಿದ ಊರು ವಿರಾಜಪೇಟೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ರೋಮನ್ ಕ್ಯಾಥೊಲಿಕ್ ಕ್ರೈಸ್ತರಿಗೆ 1792ರ ಸುಮಾರಿನಲ್ಲಿ ಅದೇ ಊರಿನಲ್ಲಿ ನೆಲೆ ಕೊಟ್ಟು, ಇಗರ್ಜಿಗೆ ಜಾಗ ಕೊಟ್ಟವನೂ ಇವನೇ. ಸಂತ ಅನ್ನಮ್ಮನವರ ಆ ಇಗರ್ಜಿ ಇಂದಿಗೂ ಇದೆ. ಕೊಡಗಿಗೆ ಕ್ರೈಸ್ತರ ಗುಡಿ ಹೊಸದಾಗಿರಲಿಲ್ಲ. ಲಿಂಗಾಯತ ಅರಸನೊಬ್ಬ ಕೇಳಿದವರಿಗೆ ಜಾಗ ಕೊಟ್ಟು ಕಟ್ಟಿಸಿಕೊಳ್ಳಿರೆಂದ ಗುಡಿ ಅದು. ಕೋಟೆಯೊಳಗಿನ ಚರ್ಚಿನ ಕಥೆ ಬೇರೆ.

ಕೋಟೆಯಲ್ಲಿ ಇಂದು ಕಾಣುವ ಅರಮನೆಯನ್ನು 1812ರಿಂದ 1814ರ ಅವಧಿಯಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ. ಅಂಗಳದಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಗಾತ್ರ. ಬೆಳಗಿನ ಸಲಾಮಿಗೆ ತಪ್ಪಿದ ಆನೆಗಳನ್ನು ಅರಸ ಸಿಟ್ಟಿನಲ್ಲಿ ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಮಾಡಿಸಿದ್ದೆಂದು ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅರಸರ ಸಿಟ್ಟಿನ ಬಗ್ಗೆ ಜನರಿಗಿದ್ದ ಅಭಿಪ್ರಾಯವಂತೂ ಅದರಲ್ಲಿದೆ. ಇದೇ ಕೋಟೆಯೊಳಗೆ ವೀರಭದ್ರನ ದೇವಸ್ಥಾನವೊಂದಿತ್ತು. ವೀರಶೈವ ಅರಸರ ಕೋಟೆಯಲ್ಲಿ ವೀರಭದ್ರನಿಲ್ಲದೆ ಇನ್ನಾರಿರಬೇಕು?

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಕಥೆಯನ್ನು ವಿಸ್ತರಿಸುವ ಅಗತ್ಯವಿಲ್ಲ. 1956ರಲ್ಲಿ, ಕೊಡಗು ಮೈಸೂರು ರಾಜ್ಯದೊಡನೆ ಸೇರಿದ ವರ್ಷವೇ, ಮಾಸ್ತಿಯವರ ಕಾದಂಬರಿ ಬಂದಿತು. ಅಂದಿನಿಂದ ಕನ್ನಡ ಓದುವವರಿಗೆ ಮಡಿಕೇರಿ ಕೋಟೆಯ ಕೋಣೆ ಕೋಣೆಯೂ ಪರಿಚಯ. ನಮಗೆ ಇಲ್ಲಿ ಬೇಕಾದ್ದು ತೇದಿಗಳು ಮಾತ್ರ. 1834ರ ಏಪ್ರಿಲ್ 6ರಂದು ಕರ್ನಲ್ ಫ್ರೇಸರ್ ಕೋಟೆಯನ್ನು ವಶಪಡಿಸಿಕೊಂಡ. ಅದೇ ತಿಂಗಳಲ್ಲಿ ಅರಸ ಪರಿವಾರದೊಡನೆ ಊರು ಬಿಟ್ಟ. ಮೇ 7ರಂದು ಕೊಡಗು ಕುಂಪಣಿ ಸರ್ಕಾರಕ್ಕೆ ಸೇರಿತೆಂದು ಡಂಗುರವಾಯಿತು. ಅರಮನೆ ಕಚೇರಿಯಾಯಿತು. ಮೂರು ವರ್ಷ ಕಳೆಯುವುದರೊಳಗೆ ಕೊಡಗಿನ ಕೆಳಸೀಮೆಯ ರೈತರು ದಂಗೆ ಎದ್ದರು. ಕಲ್ಯಾಣಪ್ಪನ ಕಾಟಕಾಯಿ ಎಂದು ದಕ್ಷಿಣ ಕನ್ನಡದಲ್ಲಿ ಹೆಸರಾದದ್ದು ಅದೇ. ಅದರ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಇದೇ ಕೋಟೆಯ ಮುಂದೆ ಜನರೆದುರಿಗೇ ನೇಣಿಗೆ ಹಾಕಿದರು.

ಅರಸ ಕಾಶಿಯಲ್ಲಿ ಬಹುಕಾಲ ಕಳೆದು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅವನ ಮನಸ್ಸಿನಲ್ಲಿದ್ದುದು ಕುಂಪಣಿ ತಡೆಹಿಡಿದ ಹಣ. ಅದಕ್ಕಾಗಿ ಅಲ್ಲಿಯ ನ್ಯಾಯಾಲಯದಲ್ಲಿ ವ್ಯಾಜ್ಯವನ್ನೂ ಹೂಡಿದ. ಹನ್ನೊಂದು ವರ್ಷದ ಹುಡುಗಿಗೆ ಅದೇ ವರ್ಷ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ಕೋಟೆಯ ವೀರಭದ್ರನ ಮುಂದೆ ಆರತಿ ಎತ್ತಬೇಕಾಗಿದ್ದ ವಂಶದ ಕುಡಿ ವಿಕ್ಟೋರಿಯಾ ಗೌರಮ್ಮನಾದಳು. ಇದಾದ ಮೂರನೆಯ ವರ್ಷಕ್ಕೆ ಇಲ್ಲಿ ವೀರಭದ್ರನ ಸರದಿ ಬಂತು.

ಆ ಹೊತ್ತಿಗೆ ಮಡಿಕೇರಿಯಲ್ಲಿ ಇಂಗ್ಲಿಷರ ಸಂಖ್ಯೆ ಹೆಚ್ಚತೊಡಗಿತ್ತು. ಕೋಟೆಯಲ್ಲಿ ಕುಂಪಣಿಯ ಅಧಿಕಾರಿಗಳು, ಸಿಪಾಯಿ ಪಟಾಲಮಿನ ದೊರೆಗಳು ಇದ್ದರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನರ ಮೊದಲ ಕಾಫಿ ತೋಟವನ್ನು ಹಾಕಿದ್ದ. ಅವನ ಹಿಂದೆಯೇ ಇತರರೂ ಬಂದರು. ಜರ್ಮನಿಯ ಪಾದ್ರಿ ಮೋಗ್ಲಿಂಗ್, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಪುಣ್ಯಾತ್ಮ, 1853ರಲ್ಲಿ ಕೊಡಗಿಗೆ ಬಂದು ನೆಲೆಸಿದ್ದರು. ಅವರ ಕೆಲಸ ಊರಿನ ಬಡವರ ನಡುವೆ. ಕೋಟೆಯ ಅಧಿಕಾರಿಗಳಿಗೆ ಬೇಕಾಗಿದ್ದುದು ತಮ್ಮ ಭಾನುವಾರದ ಪ್ರಾರ್ಥನೆಗೆ ತಮ್ಮದೇ ಮಂದಿರ. ಜಾಗಕ್ಕೇನು ಬರವಿರಲಿಲ್ಲ; ಗುಡ್ಡಗಳು ಬೇಕಾದಷ್ಟಿದ್ದವು. ಆದರೂ 1855ರಲ್ಲಿ ಕೋಟೆಯೊಳಗಿನ ವೀರಭದ್ರ ದೇವಸ್ಥಾನವನ್ನು ತೆಗೆಸಿ, ಆ ನೆಲದಲ್ಲಿಯೇ ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ ಚರ್ಚಿಗೆ ಕೈಹಾಕಿದರು. 1859ರ ವೇಳೆಗೆ ಕಟ್ಟಡ ಪೂರ್ತಿಯಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಲಂಡನ್ನಿನಲ್ಲಿ ಚಿಕ್ಕವೀರರಾಜೇಂದ್ರ ತೀರಿಕೊಂಡ. ಗೌರಮ್ಮ ಅಲ್ಲಿಯೇ ಒಬ್ಬ ಕರ್ನಲನನ್ನು ಮದುವೆಯಾಗಿ 1864ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ಸತ್ತಳು. ಮಡಿಕೇರಿಯ ಮುಖವನ್ನು ಅವಳು ಕಾಣಲೇ ಇಲ್ಲ.

ಕಟ್ಟಡ ಚೆನ್ನಾಗಿದೆ ಎನ್ನದೆ ಇರಲಾಗದು. ಗಾಥಿಕ್ ಎಂದು ಕರೆಯುವ ಶೈಲಿ. ಮೊನೆಯಾಗಿ ಮೇಲೇರುವ ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು. ಮಳೆಗಾಲದ ಮಂಜಿನಲ್ಲಿ ದೂರದಿಂದ ನೋಡಿದವರಿಗೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ತುಂಡೊಂದನ್ನು ಕಿತ್ತು ತಂದಿಟ್ಟಂತೆ ಕಾಣಬೇಕು. ಅವರ ಉದ್ದೇಶವೂ ಅದೇ ಇದ್ದಿರಬೇಕು. ಮನೆ ಬಿಟ್ಟು ಸಾವಿರಾರು ಮೈಲಿ ದೂರ ಬಂದವರಿಗೆ ವಾರಕ್ಕೊಂದು ದಿನ ಮನೆಯ ನೆನಪು ಬೇಡವೇ? ಬೇಕು. ಆದರೆ ವಿರಾಜಪೇಟೆಯ ಇಗರ್ಜಿ ಕೇಳಿ ಪಡೆದ ಜಾಗದಲ್ಲಿ ಎದ್ದಿತು, ಮಡಿಕೇರಿಯ ಚರ್ಚು ಗೆದ್ದ ಜಾಗದಲ್ಲಿ ಎದ್ದಿತು. ಇವೆರಡರ ನಡುವಣ ವ್ಯತ್ಯಾಸ ಮತದ್ದಲ್ಲ, ಅಧಿಕಾರದ್ದು. ಆಂಗ್ಲಿಕನ್ ಚರ್ಚಿನ ಜಾಗದಲ್ಲಿ ಕುದುರೆ ಲಾಯ ಕಟ್ಟಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಸುಮಾರು ತೊಂಬತ್ತು ವರ್ಷ ಆ ಚರ್ಚಿನಲ್ಲಿ ಗಂಟೆ ಬಾರಿಸಿತು. ಈ ನಡುವೆ ಕೋಟೆಯಲ್ಲಿ ಆದ ದೊಡ್ಡ ಬದಲಾವಣೆ ಎಂದರೆ 1933ರದು: ಅರಮನೆಗೆ ಒಂದು ಗಡಿಯಾರದ ಗೋಪುರವನ್ನೂ, ಕಮಿಷನರ ಮೋಟಾರು ನಿಲ್ಲಲು ಒಂದು ಮುಖಮಂಟಪವನ್ನೂ ಸೇರಿಸಿದರು. ರೈಲು ಕಾಣದ ಸೀಮೆಗೆ ಮೋಟಾರು ಬಂದಿತ್ತು. ಅರಸನ ಆನೆಗಳು ನಿಂತಿದ್ದ ಅಂಗಳದಲ್ಲಿ ಅದಕ್ಕೆ ನೆರಳು ಕಟ್ಟಿದರು.

1947 ಬಂತು. ಅಧಿಕಾರಿಗಳು ಹೋದರು. ತೋಟದ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರು. ಪ್ರಾರ್ಥನೆಗೆ ಬರುವವರಿಲ್ಲದೆ ಚರ್ಚಿಗೆ ಬೀಗ ಬಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೊಸ ಸರ್ಕಾರಕ್ಕೆ ಇದ್ದ ದಾರಿಗಳು ಹಲವು. ಕಟ್ಟಡವನ್ನು ಕೆಡವಿ ವೀರಭದ್ರನನ್ನು ಮತ್ತೆ ಪ್ರತಿಷ್ಠಿಸಬಹುದಾಗಿತ್ತು. ಅದಕ್ಕೆ ನ್ಯಾಯದ ಮಾತನ್ನೂ ಆಡಬಹುದಾಗಿತ್ತು. ಅರಮನೆಯಂತೆ ಇದನ್ನೂ ಕಚೇರಿಯಾಗಿ ಮಾಡಿ ಕಡತಗಳನ್ನು ತುಂಬಬಹುದಾಗಿತ್ತು. ಬೀಗವನ್ನು ಹಾಗೆಯೇ ಬಿಟ್ಟು, ಕೊಡಗಿನ ಮಳೆಗೆ ಕೆಲಸ ಒಪ್ಪಿಸಬಹುದಾಗಿತ್ತು. ನಮ್ಮ ದೇಶದಲ್ಲಿ ಹೆಚ್ಚಾಗಿ ಹಿಡಿಯುವ ದಾರಿ ಇದೇ. ಕರ್ನಾಟಕ ಇನ್ನೂ ಮೈಸೂರು ರಾಜ್ಯವೆಂದು ಕರೆಸಿಕೊಳ್ಳುತ್ತಿದ್ದಾಗ, 1971ರಲ್ಲಿ, ರಾಜ್ಯದ ಪುರಾತತ್ವ ಇಲಾಖೆ ಕಟ್ಟಡವನ್ನು ತೆಗೆದುಕೊಂಡು ವಸ್ತುಸಂಗ್ರಹಾಲಯ ಮಾಡಿತು. ಸರ್ಕಾರದ ಎಲ್ಲ ತೀರ್ಮಾನಗಳನ್ನೂ ಹೊಗಳುವ ಅಭ್ಯಾಸ ನನಗಿಲ್ಲ. ಇದನ್ನು ಮಾತ್ರ ಹೊಗಳುತ್ತೇನೆ.

ಏಕೆಂದರೆ ಒಳಗೆ ಹೋಗಿ ನೋಡಿ. ಬಣ್ಣದ ಗಾಜಿನಿಂದ ಬೆಳಕು ಬೀಳುವ ಆ ಉದ್ದನೆಯ ಹಜಾರದಲ್ಲಿ ಬೆಂಚುಗಳ ಬದಲು ಕಲ್ಲುಗಳಿವೆ. ಜೈನ ತೀರ್ಥಂಕರರ ವಿಗ್ರಹಗಳಿವೆ. ಕೊಡಗಿನಲ್ಲಿ ಜಿನಬಿಂಬವೇ ಎಂದು ಹುಬ್ಬೇರಿಸುವವರು ಶನಿವಾರಸಂತೆಯ ಕಡೆಯ ಮುಳ್ಳೂರಿಗೆ ಹೋಗಬೇಕು. ಕೊಂಗಾಳ್ವ ಅರಸರ ಕಾಲದ, ಹನ್ನೊಂದನೆಯ ಶತಮಾನದ ಬಸದಿಗಳು ಅಲ್ಲಿವೆ. ಹಾಲೇರಿ ಅರಸರಿಗಿಂತ 500 ವರ್ಷ ಹಿಂದೆ ಕೊಡಗಿನ ಉತ್ತರವನ್ನು ಕೊಂಗಾಳ್ವರೂ, ಅವರ ನೆರೆಯಲ್ಲಿ ಚೆಂಗಾಳ್ವರೂ ಆಳಿದರು. ಈ ಸಂಗತಿ ಮಡಿಕೇರಿಗೆ ಮಂಜು ನೋಡಲು ಬರುವ ಪ್ರವಾಸಿಗೆ ತಿಳಿಯುವುದು ಈ ಚರ್ಚಿನೊಳಗೆ ಮಾತ್ರ. ಶಿವ, ವಿಷ್ಣುಗಳ ಮೂರ್ತಿಗಳಿವೆ. ಆಯುಧಗಳಿವೆ.

ನನ್ನ ಮನಸ್ಸನ್ನು ಹಿಡಿಯುವುದು ವೀರಗಲ್ಲುಗಳು. ವೀರಗಲ್ಲಿನ ಕ್ರಮ ಓದುಗರಿಗೆ ಗೊತ್ತೇ ಇದೆ. ಕೆಳಗಿನ ಅಂತಸ್ತಿನಲ್ಲಿ ಊರಿಗಾಗಿಯೋ ದನಗಳಿಗಾಗಿಯೋ ಕಾದು ಬೀಳುವ ಮನುಷ್ಯ. ನಡುವೆ ಅವನನ್ನು ಎರಡು ಕಡೆಯಿಂದ ಹಿಡಿದೆತ್ತುವ ಅಪ್ಸರೆಯರು. ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತ ಅವನೇ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಎಣ್ಣೆ ಹಚ್ಚಿಸಿಕೊಂಡು ನಿಲ್ಲಬೇಕಾದ ಈ ಕಲ್ಲು ಗಾಥಿಕ್ ಕಮಾನಿನ ಕೆಳಗೆ ಬಂದು ನಿಂತಿದೆ. ಯಾವ ಇಂಗ್ಲಿಷ್ ಅಧಿಕಾರಿ ಇಲ್ಲಿ ಮೊಣಕಾಲೂರಿದ್ದನೋ ಅಲ್ಲಿ ಹೆಸರಿಲ್ಲದ ಕನ್ನಡ ಆಳೊಬ್ಬ ಕೈಲಾಸಕ್ಕೆ ಏರುತ್ತಿದ್ದಾನೆ. ಯಾರೂ ಯೋಜಿಸಿ ಮಾಡಿದ್ದಲ್ಲ. ಇಲಾಖೆಯವರಿಗೆ ಕಲ್ಲಿಡಲು ಸೂರು ಬೇಕಾಗಿತ್ತು, ಸೂರು ಖಾಲಿ ಇತ್ತು, ಇಟ್ಟರು. ಆದರೂ ಅಪ್ಪಯ್ಯ ಗೌಡನನ್ನು ನೇಣಿಗೆ ಹಾಕಿದ ಕೋಟೆಯಲ್ಲಿ, ಕಾದು ಸತ್ತವರ ಕಲ್ಲುಗಳಿಗೆ ಅದೇ ದೊರೆಗಳು ಕಟ್ಟಿದ ಚಾವಣಿ ಒದಗಿತು.

ಕೋಟೆಯ ಗಣಪತಿ ಮಾತ್ರ ಎಲ್ಲ ಕಾಲವನ್ನೂ ದಾಟಿ ಇನ್ನೂ ಪೂಜೆಗೊಳ್ಳುತ್ತಿದ್ದಾನೆ. ಮಡಿಕೇರಿ ದಸರೆಯ ಹತ್ತು ಮಂಟಪಗಳಲ್ಲಿ ಅವನದೂ ಒಂದು. ಅರಮನೆಯ ಗತಿ ಅಷ್ಟು ಸುಖದ್ದಲ್ಲ. ಸ್ವಾತಂತ್ರ್ಯದ ನಂತರವೂ ಕಚೇರಿಗಳೇ ಅದರಲ್ಲಿ ಮುಂದುವರಿದವು. ಸೋರುವ ಮಾಡಿನ ವಿಷಯ ಹೈಕೋರ್ಟಿನವರೆಗೂ ಹೋಯಿತು, ಕಚೇರಿಗಳು ತೆರವಾಗಿ ದುರಸ್ತಿಗೆ ಕೈಹಾಕುವಂತಾಯಿತು. ಅರಸರ ಮನೆಗಿಂತ ದೊರೆಗಳ ಚರ್ಚು ಮೊದಲು ನೆಮ್ಮದಿ ಕಂಡಿತು ಎನ್ನಬೇಕು.

ಹಾಗೆಂದು ಕಚೇರಿಗಳನ್ನು ಬರಿದೇ ಬಯ್ಯುವಂತೆಯೂ ಇಲ್ಲ. ಇದಕ್ಕೆ ಸಾಕ್ಷಿ ಅದೇ ಮಡಿಕೇರಿಯ ಇನ್ನೊಂದು ಕಟ್ಟಡ, 'ಸನ್ನಿ ಸೈಡ್'. ರೈಲು ನಿಲ್ದಾಣವಿಲ್ಲದ ಊರಿನಲ್ಲಿ ನಿಲ್ದಾಣಕ್ಕೆ ಸಮನಾದದ್ದು ಯಾವುದಾದರೂ ಇದ್ದರೆ ಅದು ಇದೇ. ಬಹುಕಾಲ ಕೊಡಗಿನ ಪ್ರಾದೇಶಿಕ ಸಾರಿಗೆ ಕಚೇರಿ ಇದ್ದುದು ಈ ಮನೆಯಲ್ಲಿ. ಕೆಎ-12 ಎಂಬ ಹಲಗೆ ಹೊತ್ತ ಜೀಪು, ಲಾರಿ, ಬಸ್ಸುಗಳ ಕಾಗದಪತ್ರ ಹುಟ್ಟಿದ್ದು ಇಲ್ಲಿ. ತೋಟದ ಯಜಮಾನನೂ ಅವನ ಡ್ರೈವರನೂ ಲೈಸೆನ್ಸಿಗಾಗಿ ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಸ್ಥಳ.

ಅದಕ್ಕೂ ಮೊದಲು ಅದು ಕೋದಂಡೇರ ಮನೆತನದ ಮನೆ. 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ ಬೆಳೆದ ಮನೆ. ಕಾಫಿ ಬೆಳೆಗಾರರ ಆ ಕುಟುಂಬದ ಮೂವರು ಗಂಡುಮಕ್ಕಳೂ ಸೈನ್ಯ ಸೇರಿದರು. ತಿಮ್ಮಯ್ಯನವರು ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದರು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ, 11,000 ಅಡಿಗೂ ಮೇಲಿನ ಹಿಮಕ್ಕೆ, ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಕಾರ್ಯಾಚರಣೆ ಅವರದು. 1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ತಮ್ಮ ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಸಮಸ್ಯೆಯನ್ನು ಬಿಡಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. ನಿವೃತ್ತಿಯ ನಂತರ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ವಹಿಸಿ, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು. ಅತ್ತ ದ್ವೀಪದವರು ಅವರ ಮುಖವನ್ನು ಕಾಗದಕ್ಕೆ ಅಂಟಿಸಿ ಊರೂರಿಗೆ ಕಳಿಸಿದರು. ಇತ್ತ ಅವರು ಬೆಳೆದ ಮನೆ ಲಾರಿಯ ಪರ್ಮಿಟ್ಟು, ಲೈಸೆನ್ಸುಗಳ ಮನೆಯಾಯಿತು.

ಇದನ್ನು ಕೇಳಿ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಇನ್ನೊಂದು ಯೋಚನೆ ಬರುತ್ತದೆ. ಮಡಿಕೇರಿಯಲ್ಲಿ ನೆಲದ ಬೆಲೆ ಏರಿದ ಮೇಲೆ ಹಳೆಯ ಬಂಗಲೆಗಳು ಏನಾದವು? ಎಷ್ಟೋ ಕಡೆ ಹೋಟೆಲು, ವಸತಿಗೃಹಗಳು ಎದ್ದವು. ಸನ್ನಿ ಸೈಡ್ ಉಳಿದದ್ದು ಅದರೊಳಗೆ ಗುಮಾಸ್ತರು ಕುಳಿತಿದ್ದುದರಿಂದಲೇ ಎಂದು ನನಗನ್ನಿಸುತ್ತದೆ. ಸರ್ಕಾರಿ ಕಚೇರಿ ಕಟ್ಟಡವನ್ನು ಪ್ರೀತಿಸುವುದಿಲ್ಲ, ಆದರೆ ಅದನ್ನು ಮಾರುವುದೂ ಇಲ್ಲ. ಜನರಲ್‌ರ ಮನೆ ಹಾಗೆ ಗೋಡೆಗೆ ಗೋಡೆ ನಿಂತಿದ್ದರಿಂದಲೇ, ಊರಿನ ನಿವೃತ್ತ ಯೋಧರೂ ಅಭಿಮಾನಿಗಳೂ ವರ್ಷಗಟ್ಟಲೆ ಸರ್ಕಾರವನ್ನು ಕೇಳಿಕೊಂಡಾಗ ಕೊಡಲು ಮನೆಯೊಂದಿತ್ತು. ಸಾರಿಗೆ ಕಚೇರಿ ಬೇರೆಡೆಗೆ ಹೋಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಮಡಿಕೇರಿಗೆ ಬಂದು ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಕೋಟೆಯ ಚರ್ಚು ಸಂಗ್ರಹಾಲಯವಾಗಿ ಆಗ 50 ವರ್ಷ.

ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು, ಊರು ಅಷ್ಟು ಚಿಕ್ಕದು. ಕೋಟೆಯನ್ನು ಮೊದಲು ನೋಡುವುದು ಮೇಲು. ಹೆಸರಿಲ್ಲದ ವೀರರ ಕಲ್ಲುಗಳನ್ನು ಕಂಡ ಕಣ್ಣಿಗೆ ಹೆಸರುವಾಸಿ ವೀರನ ಮನೆ ಬೇರೆ ತರಹ ಕಾಣುತ್ತದೆ. ಕೋಟೆಯಲ್ಲಿ ಚರ್ಚಿನ ಬಾಗಿಲು ದಾಟುವ ಮುನ್ನ ಹೊರಗೆ ಒಂದು ಸುತ್ತು ಬನ್ನಿ, ವೀರಭದ್ರನಿದ್ದ ನೆಲ ಅದೇ. ಬೆಂಗಳೂರಿನಿಂದ ಹೊರಡುವವರು ರೈಲಿನಲ್ಲಿ ಮೈಸೂರಿನವರೆಗೆ ಬರಬಹುದು; ಅಲ್ಲಿ ಇಳಿದು ಬಸ್ಸು ಹಿಡಿಯಬೇಕು.